ಸೈಕಲ್ಲಿನ ಮೇಲೆ ಫ್ರಾನ್ಸಿಗೆ

ಸ್ವಾತಂತ್ರ್ಯ ಬಂದು ಒಂದೂವರೆ ವರ್ಷವಾಗಿತ್ತು. ರಾಗಿ ಕಣ ಮುಗಿದು, ಯುಗಾದಿಗೆ ಇನ್ನೂ ತಿಂಗಳಿರುವಾಗ ನಾನೂ ನನ್ನ ದೊಡ್ಡಪ್ಪನ ಮಗನೂ ಕೆಲಮಂಗಲದಿಂದ ಸೈಕಲ್ ಹತ್ತಿ ಫ್ರಾನ್ಸಿಗೆ ಹೋಗಿಬಂದೆವು. ಹೋಗಿಬರಲು ಹನ್ನೊಂದು ದಿನ ಹಿಡಿಯಿತು. ಹೀಗೆಂದರೆ ನನ್ನ ಮೊಮ್ಮಕ್ಕಳು ಭೂಪಟ ತಂದು ಮುಂದಿಡುತ್ತಾರೆ. ಭೂಪಟವೂ ಸುಳ್ಳಲ್ಲ, ನಾನು ಹೇಳುವುದೂ ಸುಳ್ಳಲ್ಲ.

ದೊಡ್ಡಪ್ಪನ ಮಗ ನನಗಿಂತ ಆರು ವರ್ಷ ದೊಡ್ಡವನು. ಅಣ್ಣ ಎಂದೇ ಕರೆಯುತ್ತಿದ್ದೆ. ಸಂತೆ ಮೈದಾನದ ಎದುರು ಅವನ ಸೈಕಲ್ ಅಂಗಡಿ ಇತ್ತು. ಬಾಡಿಗೆಗೆ ಬಿಡುವ ನಾಲ್ಕು ಸೈಕಲ್ಲು, ಒಂದು ಪಂಪು, ಟ್ಯೂಬು ಮುಳುಗಿಸಿ ನೋಡಲು ಒಂದು ನೀರಿನ ಬಾಣಲೆ, ಜೊತೆಗೆ ಪ್ರಪಂಚದ ಎಲ್ಲ ವಿಷಯಗಳ ಮೇಲೂ ಒಂದೊಂದು ಅಭಿಪ್ರಾಯ, ಇಷ್ಟು ಅವನ ಬಂಡವಾಳ. ಬೆಂಗಳೂರಿನ ಆಚೆಗೆ ಕಾಲಿಟ್ಟವನಲ್ಲ. ಆದರೂ ಜರ್ಮನಿ ಯುದ್ಧದಲ್ಲಿ ಸೋತದ್ದು ಎಲ್ಲಿ ಎಡವಿ ಎಂಬುದನ್ನು ಪಂಕ್ಚರ್ ಹಾಕುತ್ತಲೇ ವಿವರಿಸುತ್ತಿದ್ದ. ನಾನು ಹೊಸೂರಿನಲ್ಲಿ ಓದಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೆ. ಓದಿದವನು ನೇಗಿಲು ಹಿಡಿದರೆ ಓದಿಗೆ ಅವಮಾನವೆಂದು ಮನೆಯ ಜಗಲಿಯ ಮೇಲೆ ಕುಳಿತು ಸರ್ಕಾರದ ಕಾಗದಕ್ಕೆ ಕಾಯುತ್ತಿದ್ದೆ. ನಮ್ಮಪ್ಪ ದಿನಕ್ಕೆ ಎರಡು ಬಾರಿ ನನ್ನನ್ನು ದಾಟಿಕೊಂಡು ಹೊಲಕ್ಕೆ ಹೋಗಿಬರುತ್ತಿದ್ದರು. ದಾಟುವಾಗಲೆಲ್ಲ ಕೆಮ್ಮುತ್ತಿದ್ದರು.

ಎಲ್ಲಕ್ಕೂ ಮೂಲ ಹಿಂದಿನ ಮಳೆಗಾಲದಲ್ಲಿ ಹೊಸೂರಿಗೆ ಬಂದ ಒಬ್ಬ ಸೈಕಲ್ ಸವಾರ. ಎಲ್ಲೋ ಬೊಂಬಾಯಿ ಕಡೆಯವನು. ಖಾಕಿ ಚಡ್ಡಿ, ಎದೆಯ ತುಂಬ ಪದಕ, ಸೈಕಲ್ಲಿನ ಮುಂದೆ ‘ವಿಶ್ವ ಪರ್ಯಟನೆ’ ಎಂಬ ಹಲಗೆ, ಕಂಕುಳಲ್ಲಿ ದೊಡ್ಡದೊಂದು ಸಹಿ ಪುಸ್ತಕ. ಟ್ಯೂಬು ತರಲೆಂದು ಆವತ್ತು ಹೊಸೂರಿಗೆ ಹೋಗಿದ್ದ ಅಣ್ಣ ಅವನ ಚಕ್ರಕ್ಕೆ ತೇಪೆ ಹಾಕಿಕೊಟ್ಟ. ಆ ಪುಣ್ಯಕ್ಕೆ ಇಡೀ ದಿನ ಅವನ ಪಕ್ಕದಲ್ಲೇ ಕುಳಿತುಕೊಳ್ಳುವ ಅವಕಾಶ ಸಿಕ್ಕಿತು. ಹೈಸ್ಕೂಲಿನವರು ಹಾರ ಹಾಕಿದರು. ಹೋಟೆಲಿನವನು ಕಾಸು ಮುಟ್ಟಲಿಲ್ಲ. ದೊಡ್ಡಮನುಷ್ಯರೊಬ್ಬರು ಮನೆಗೆ ಕರೆದು ಬಾಳೆಲೆ ಹಾಕಿಸಿದರು. ಅಣ್ಣ ಇದನ್ನೆಲ್ಲ ಕಣ್ಣಿಟ್ಟು ನೋಡಿಕೊಂಡು ಬಂದು, ಜಗಲಿಯ ಮೇಲೆ ನನ್ನ ಪಕ್ಕ ಕುಳಿತ.

“ಊರ್ನಾಗಿದ್ರೆ ದುಡಿದು ತಿನ್ಬೇಕು ಕಣ್ಲಾ,” ಎಂದ. “ಊರು ಬುಟ್ರೆ ಕುಂಡ್ರಿಸಿ ಇಕ್ತಾರೆ. ನಿಂಗೆ ಇಂಗ್ಲೀಷು ಬತ್ತದೆ, ನಂಗೆ ಪಂಕ್ಚರ್ ಹಾಕಾಕೆ ಬತ್ತದೆ. ಇನ್ನೇನು ಬೇಕು?”

ಯೋಚಿಸಿ ನೋಡಿದೆ. ಬೇರೆ ಏನು ಬೇಕೆಂದು ನನಗೂ ಹೊಳೆಯಲಿಲ್ಲ.

ತಯಾರಿಗೆ ಮೂರು ತಿಂಗಳು ಹಿಡಿಯಿತು. ಬೋರ್ಡು ಬರೆಯುವವನಿಂದ ‘ವಿಶ್ವ ಪರ್ಯಟನೆ’ ಎಂದು ಕನ್ನಡ, ತಮಿಳು, ಇಂಗ್ಲಿಷು ಮೂರರಲ್ಲೂ ಬರೆಸಿದೆವು. ದಪ್ಪ ರಟ್ಟಿನ ಸಹಿ ಪುಸ್ತಕ ಬಂತು. ಮೊದಲ ಸಹಿಗೆ ನಮ್ಮೂರಿನ ಶಾಲೆಯ ಹೆಡ್ಮಾಸ್ಟರ ಹತ್ತಿರ ಹೋದಾಗ, ಅವರು ಕನ್ನಡಕ ಏರಿಸಿ, ‘ಈ ಇಬ್ಬರನ್ನೂ ಚಿಕ್ಕಂದಿನಿಂದ ಬಲ್ಲೆ’ ಎಂದಷ್ಟೇ ಬರೆದು ಪುಸ್ತಕ ಮುಚ್ಚಿದರು. ಇದು ಹೊಗಳಿಕೆಯೋ ಎಚ್ಚರಿಕೆಯೋ ತಿಳಿಯದೆ ಅಣ್ಣ ಆ ಹಾಳೆಯನ್ನು ಉಪಾಯವಾಗಿ ಹರಿದು ತೆಗೆದ. ಊರಿನಲ್ಲಿ ಬೀಳ್ಕೊಡುಗೆ ಬೇಡ, ಇಲ್ಲಿ ಎಲ್ಲರೂ ನಮ್ಮನ್ನು ಕಂಡವರೇ, ಮರ್ಯಾದೆ ಹುಟ್ಟುವುದಿಲ್ಲ, ಕೃಷ್ಣಗಿರಿಯಲ್ಲಿ ಇಟ್ಟುಕೊಳ್ಳೋಣ ಎಂದೂ ತೀರ್ಮಾನಿಸಿದ.

ಕೃಷ್ಣಗಿರಿಯ ವಾಚನಾಲಯದವರು ಸಂತೋಷದಿಂದ ಒಪ್ಪಿದರು. ಆ ವರ್ಷ ಅವರಿಗೆ ಸಭೆ ಮಾಡಲು ಬೇರೆ ಕಾರಣವೇ ಸಿಕ್ಕಿರಲಿಲ್ಲ. ದಿನ ಗೊತ್ತಾಯಿತು, ನೋಟೀಸು ಅಚ್ಚಾಯಿತು. ಆಮೇಲೆ ಯಾರೋ ಪಾಸ್‌ಪೋರ್ಟಿನ ಮಾತು ಎತ್ತಿದರು.

ಆ ಪದವನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಅಷ್ಟೇ. ಕೋರ್ಟಿನ ಹತ್ತಿರ ವಕೀಲರೊಬ್ಬರ ಗುಮಾಸ್ತ ನಮಗೆ ಅದನ್ನು ಬಿಡಿಸಿ ಹೇಳಿದ. ಅರ್ಜಿ ಮದರಾಸಿಗೆ ಹೋಗಬೇಕು. ಆಸ್ತಿಯುಳ್ಳವರು ಜಾಮೀನು ನಿಲ್ಲಬೇಕು. ಪೊಲೀಸರು ಬಂದು ವಿಚಾರಿಸಬೇಕು. ಯಾವ ದೇಶಕ್ಕೆ, ಯಾವ ಕೆಲಸಕ್ಕೆ, ಯಾವ ಹಡಗಿನಲ್ಲಿ ಎಂದು ತಿಳಿಸಬೇಕು. ಸುಮ್ಮನೆ ನೋಡಲು ಎಂದರೆ ಆಗುವುದಿಲ್ಲವೋ ಎಂದು ನಾನು ಕೇಳಿದೆ. ಸುಮ್ಮನೆ ನೋಡುವುದು ಶ್ರೀಮಂತರ ಕೆಲಸ, ನಿಮ್ಮಂಥವರು ನೋಡುತ್ತೇವೆಂದರೆ ಸರ್ಕಾರಕ್ಕೆ ಅನುಮಾನ ಬರುತ್ತದೆ ಎಂದ. ಅಣ್ಣನ ಮುಖ ಇಳಿದದ್ದು ಕಂಡು ಅವನಿಗೇ ಕನಿಕರವಾಯಿತೇನೋ. ಪಾಸ್‌ಪೋರ್ಟಿಲ್ಲದೆ ಸೈಕಲ್ಲಿನಲ್ಲೇ ಹೋಗಬಹುದಾದ ಪರದೇಶ ಒಂದಿದೆಯಲ್ಲ, ಪುದುಚ್ಚೇರಿ, ಅದು ಇವತ್ತಿಗೂ ಫ್ರೆಂಚರದು, ಅಲ್ಲಿ ಹಾರುವುದು ಫ್ರಾನ್ಸಿನ ಬಾವುಟ, ಕಾನೂನಿನ ಪ್ರಕಾರ ಅದು ಫ್ರಾನ್ಸೇ ಎಂದ.

ಅಣ್ಣ ಎದ್ದು ನಿಂತ. ‘ವಿಶ್ವ ಪರ್ಯಟನೆ, ಮೊದಲ ಹಂತ: ಫ್ರಾನ್ಸ್’ ಎಂದು ನೋಟೀಸಿನ ಕೆಳಗೆ ಒಂದು ಸಾಲು ಸೇರಿಸಿದ್ದಾಯಿತು.

ಬೀಳ್ಕೊಡುಗೆಯ ಸಭೆಗೆ ಅಧ್ಯಕ್ಷರಾಗಿ ಬಂದವರು ನಿವೃತ್ತ ತಹಸೀಲ್ದಾರರು. ಊರಿನಲ್ಲಿ ಪಾನನಿರೋಧದ ಪ್ರಚಾರ ನಡೆಸುತ್ತಿದ್ದ ಸಮಿತಿಗೂ ಅವರೇ ಅಧ್ಯಕ್ಷರು. ಆಗ ನಮ್ಮ ಸೇಲಂ ಜಿಲ್ಲೆಯಲ್ಲಿ ಹೆಂಡ, ಸಾರಾಯಿ ಎಲ್ಲಕ್ಕೂ ನಿಷೇಧ ಬಿದ್ದಿತ್ತು. ಅವರು ಒಂದು ಗಂಟೆ ತಮಿಳಿನಲ್ಲಿ ಮಾತಾಡಿದರು. ಹೊಸ ಭಾರತದ ಯುವಕರು ಹೇಗೆ ಹೊರದೇಶಗಳಿಗೆ ನಮ್ಮ ಸದಾಚಾರದ ಸಂದೇಶ ಒಯ್ಯಬೇಕೆಂದು ವಿವರಿಸಿದರು. ವಾಚನಾಲಯದ ಕಾರ್ಯದರ್ಶಿ ತೆಲುಗಿನಲ್ಲಿ ಹಾರೈಸಿದರು. ಅಣ್ಣ ಕನ್ನಡದಲ್ಲಿ ವಂದಿಸಿದ. ಮೂರಕ್ಕೂ ಒಂದೇ ಸಮನೆ ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಅಧ್ಯಕ್ಷರು ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದರು. ಪುದುಚ್ಚೇರಿ ತಾನೇ ಎಂದು ಖಚಿತಪಡಿಸಿಕೊಂಡರು. ತಮ್ಮ ತಾಯಿಯವರಿಗೆ ಕೀಲುನೋವು, ಅಲ್ಲಿ ಅದಕ್ಕೆ ಹಚ್ಚುವ ಔಷಧಿ ಸಿಗುತ್ತದೆ, ಬರುವಾಗ ಎರಡು ಸೀಸೆ ತಂದರೆ ಉಪಕಾರವಾಗುತ್ತದೆ ಎಂದರು. ಔಷಧಿಯ ಹೆಸರೇನೆಂದು ನಾನು ಪೆನ್ಸಿಲ್ ತೆಗೆದೆ. ಅವರು ಬಾಗಿಲ ಕಡೆ ನೋಡಿ, “ಬ್ರಾಂದಿ ಎಂದು ಕೇಳಿದರೆ ಕೊಡುತ್ತಾರೆ,” ಎಂದರು.

ಅವರು ಒಳಗೆ ಹೋದ ಮೇಲೆ ಕಾರ್ಯದರ್ಶಿ ಬಂದರು. ಅವರಿಗೂ ಅದೇ ಔಷಧಿ ಬೇಕಾಗಿತ್ತು, ಬಾಣಂತಿ ಮಗಳಿಗೆ. ಊರಿನ ವೈದ್ಯರೊಬ್ಬರು ಮಾತ್ರ ನೇರವಾಗಿ ಬಂದು, ಮೂರು ಸೀಸೆ, ಕುಡಿಯುವುದು ನಾನೇ ಎಂದರು. ಅಣ್ಣ ಯಾರಿಗೂ ಇಲ್ಲ ಎನ್ನಲಿಲ್ಲ. ಎಲ್ಲರಿಗೂ ತಲೆಯಾಡಿಸಿ ಸೈಕಲ್ ಹತ್ತಿದ. ಅಧ್ಯಕ್ಷರ ತಾಯಿ ತೀರಿಕೊಂಡು ಎಂಟು ವರ್ಷವಾಯಿತೆಂದು ಊರ ಹೊರಗಿನ ಚಹಾದಂಗಡಿಯವನು ನಮಗೆ ಹೇಳಿದ.

ನಮ್ಮ ಗಂಟಿನಲ್ಲಿ ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು, ಬೆಲ್ಲ, ಹುರಿದ ಅವರೆಕಾಳು ಇದ್ದವು. ಇದು ತುರ್ತಿಗೆ ಮಾತ್ರ, ಉಳಿದಂತೆ ಜನರೇ ಊಟ ಹಾಕುತ್ತಾರೆ ಎಂಬುದು ಅಣ್ಣನ ಲೆಕ್ಕ. ಮೊದಲ ದಿನ ಮತ್ತೂರು ದಾಟಿ ಊತಂಗರೆಯವರೆಗೆ ಯಾರೂ ನಮ್ಮನ್ನು ಊಟಕ್ಕೆ ಕರೆಯಲಿಲ್ಲ. ಹಲಗೆ ಓದಿದವರು ಏನು ಮಾರುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದಾಗ ಬೇಸರಪಟ್ಟು ಹೋದರು. ಒಬ್ಬ ಮುದುಕ ಮಾತ್ರ ಪುಸ್ತಕ ಕಂಡು ಜನಗಣತಿಯವರೆಂದು ತಿಳಿದು, ತನ್ನ ಮನೆಯ ಒಂಬತ್ತು ಜನರ ಹೆಸರನ್ನೂ ಬರೆಸಿಯೇ ಬಿಟ್ಟ. ಹುರಿಹಿಟ್ಟು ಊತಂಗರೆಯಲ್ಲೇ ಅರ್ಧಕ್ಕೆ ಇಳಿಯಿತು.

ಚೆಂಗಂನಲ್ಲಿ ನಮ್ಮ ಅದೃಷ್ಟ ತಿರುಗಿತು, ನಾವು ಬಯಸಿದ ಕಡೆಗಲ್ಲ. ಊರ ಬಾಗಿಲಲ್ಲಿ ಜನ ಸೇರಿ ಸರ್ಕಸ್ ಯಾವಾಗ ಶುರು ಎಂದು ಕೇಳಿದರು. ನಾವು ಸರ್ಕಸ್ಸಿನವರಲ್ಲ, ಪ್ರಪಂಚ ಸುತ್ತುವವರು ಎಂದು ನನ್ನ ಶಾಲೆಯ ತಮಿಳಿನಲ್ಲಿ ತಿಳಿಸಿದೆ. ಹಾಗಾದರೆ ಇಲ್ಲಿ ಸುತ್ತಿ ತೋರಿಸಿ ಎಂದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅಣ್ಣ ಒಂದು ನಿಮಿಷ ನನ್ನ ಮುಖ ನೋಡಿದ. ಆಮೇಲೆ ಸೈಕಲ್ ಹತ್ತಿ ಅರಳಿಕಟ್ಟೆಗೆ ಮೂರು ಸುತ್ತು ಹಾಕಿದ, ಒಮ್ಮೆ ಕೈ ಬಿಟ್ಟು, ಒಮ್ಮೆ ಹ್ಯಾಂಡಲ್ ಮೇಲೆ ಹಿಂದುಮುಂದಾಗಿ ಕುಳಿತು. ಬಾಡಿಗೆ ಸೈಕಲ್ಲಿನ ಅಂಗಡಿಯಲ್ಲಿ ಹದಿನೈದು ವರ್ಷ ಕಳೆದವನಿಗೆ ಅದೇನು ದೊಡ್ಡದಲ್ಲ. ಒಬ್ಬ ಅಜ್ಜಿ ಎರಡು ಚೊಂಬು ಅಂಬಲಿ, ಒಂದು ಹಿಡಿ ಈರುಳ್ಳಿ ತಂದು ಮುಂದಿಟ್ಟಳು. ಅಲ್ಲಿಂದ ಮುಂದೆ ಎಲ್ಲ ಊರುಗಳಲ್ಲೂ ಅಣ್ಣ ಮೊದಲು ಸುತ್ತು ಹಾಕಿ, ಆಮೇಲೆ ಮಾತಾಡಿಸುತ್ತಿದ್ದ. ನಾನು ಚಪ್ಪಾಳೆ ಶುರು ಮಾಡಿಕೊಡುತ್ತಿದ್ದೆ. ಇಂಗ್ಲಿಷಿಗೆ ಇನ್ನೂ ಕೆಲಸ ಸಿಕ್ಕಿರಲಿಲ್ಲ.

ಸಿಕ್ಕಿದ್ದು ತಿರುವಣ್ಣಾಮಲೆಯಲ್ಲಿ. ಬೆಟ್ಟದ ತಪ್ಪಲಲ್ಲಿ ಸಾಧುಗಳ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದಾಗ ಪಕ್ಕದಲ್ಲಿ ಒಬ್ಬ ಬಿಳಿಯ, ಮೊಣಕಾಲ ಮೇಲಿನ ಪಂಚೆ ಉಟ್ಟು, ಎಲೆಗೆ ಸುರಿದ ಮಜ್ಜಿಗೆಯನ್ನು ನಮಗಿಂತ ಚೆನ್ನಾಗಿ ಬಾಚಿಕೊಳ್ಳುತ್ತಿದ್ದ. ಅಣ್ಣ ನನ್ನನ್ನು ತಿವಿದ. ಯಾವ ದೇಶ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆತ ಬಹಳ ಹೊತ್ತು ಯೋಚಿಸಿ, ದೇಶ ಎಂಬುದೆಲ್ಲ ಮನಸ್ಸಿನ ಭ್ರಮೆ ಎಂದ. ಏನಂತೆ ಎಂದ ಅಣ್ಣ. ತಿಳಿಸಿದೆ.

“ಅವ್ನೂರಿನ ಹೆಸ್ರು ಹೇಳಾಕೆ ಅವ್ನಿಗೆ ನಾಚ್ಕೆ ಕಣ್ಲಾ,” ಎಂದು ಅಣ್ಣ ಪಿಸುಗುಟ್ಟಿದ. “ಇರ್ಲಿ ಬುಡು, ಒಂದು ಸೈನ್ ಮಾಡಿಸ್ಕೊ.”

ಪುಸ್ತಕ ಮುಂದಿಟ್ಟೆ. ತಾನು ಹೆಸರನ್ನು ತ್ಯಜಿಸಿ ನಾಲ್ಕು ವರ್ಷವಾಯಿತೆಂದು ಆತ ಕೈಮುಗಿದ. ನಾಲ್ಕು ವರ್ಷದಿಂದ ಅದೇ ಸಾಲಿನಲ್ಲಿ ಅವನಿಗೆ ಊಟ ನಡೆಯುತ್ತಿದೆಯೆಂದು ಆಚೆ ಕುಳಿತಿದ್ದ ಸಾಧು ತಿಳಿಸಿದಾಗ, ಅಣ್ಣನ ಕಣ್ಣಲ್ಲಿ ನಾನು ಮೊದಲ ಬಾರಿಗೆ ನಿಜವಾದ ಗೌರವ ಕಂಡೆ.

ಸೆಂಜಿಯ ಹತ್ತಿರ ನನ್ನ ಹಿಂದಿನ ಟಯರು ಸೀಳಿತು. ಯುದ್ಧದ ಕಾಲದಿಂದ ಹೊಸ ಟಯರು ಸಿಗುವುದೇ ಕಷ್ಟವಾಗಿತ್ತು. ಅಣ್ಣ ಹಳೆಯ ಟಯರಿನ ತುಂಡನ್ನು ಒಳಗೆ ಒತ್ತುಕೊಟ್ಟು ಹೊಲಿದ. ಅಲ್ಲಿಂದ ಮುಂದೆ ಚಕ್ರ ಒಂದೊಂದು ಸುತ್ತಿಗೂ ಒಂದು ಸಲ ಎತ್ತಿ ಹಾಕುತ್ತಿತ್ತು. ಹೀಗೆ ಎತ್ತೆತ್ತಿ ಹಾಕಿಸಿಕೊಳ್ಳುತ್ತ ತಿಂಡಿವನ ದಾಟಿ, ಐದನೆಯ ದಿನ ಮಧ್ಯಾಹ್ನ ನಾನು ಫ್ರಾನ್ಸಿನ ಗಡಿ ಮುಟ್ಟಿದೆ.

ಗಡಿ ಎಂದರೆ ರಸ್ತೆಗೆ ಅಡ್ಡಲಾಗಿ ಒಂದು ಬೊಂಬು. ಈಚೆಗೆ ನಮ್ಮ ಸುಂಕದವರ ಗುಡಿಸಲು, ಆಚೆಗೆ ಎತ್ತರದ ಕೆಂಪು ಟೋಪಿಯ ಪೊಲೀಸ್ ಒಬ್ಬ. ಅವನು ನಮ್ಮ ಹಾಗೆಯೇ ಕಪ್ಪಗಿದ್ದ, ಎಲೆಯಡಿಕೆ ಜಗಿಯುತ್ತಿದ್ದ. ನಾವು ಸೈಕಲ್ ಇಳಿದು, ಷರ್ಟು ಸರಿಮಾಡಿಕೊಂಡು, ಪುಸ್ತಕ ಬಿಚ್ಚಿ ಅವನ ಮುಂದೆ ಹಿಡಿದು, ಫ್ರಾನ್ಸ್ ದೇಶ ಪ್ರವೇಶಿಸುತ್ತಿದ್ದೇವೆ, ಮೊಹರು ಹಾಕಬೇಕು ಎಂದೆವು. ಅವನಿಗೆ ಅರ್ಥವಾಗಲಿಲ್ಲ. ತಮಿಳಿನಲ್ಲಿ, ಅಂಗಡಿಗಳು ಎಡಗಡೆ ಬೀದಿಯಲ್ಲಿವೆ, ಕುಡಿದು ಸಂಜೆಯೊಳಗೆ ಹಿಂದಿರುಗಿ, ರಸ್ತೆಯಲ್ಲಿ ಬೀಳಬೇಡಿ ಎಂದ. ನಾವು ಕುಡಿಯಲು ಬಂದವರಲ್ಲ ಎಂದೆ. ಅವನು ಜಗಿಯುವುದನ್ನು ನಿಲ್ಲಿಸಿ ನಮ್ಮನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ. ನಮ್ಮ ಹಿಂದೆ ಬೊಂಬು ದಾಟಲು ಕಾಯುತ್ತಿದ್ದ ಹತ್ತಿಪ್ಪತ್ತು ಜನ ಗೊಣಗಿದರು. ಅವರಲ್ಲಿ ಯಾರಿಗೂ ಪ್ರಪಂಚದ ಚಿಂತೆ ಇರಲಿಲ್ಲ, ಬಾಯಾರಿಕೆ ಇತ್ತು.

ಪಟ್ಟಣದ ಬೀದಿಗಳು ನೂಲು ಹಿಡಿದು ಎಳೆದ ಹಾಗೆ ನೇರವಾಗಿದ್ದವು. ನಾವು ಹಿಡಿದ ಬೀದಿಯ ಕೊನೆಗೆ ಸಮುದ್ರ. ನಾವಿಬ್ಬರೂ ಅದುವರೆಗೆ ಸಮುದ್ರ ನೋಡಿದವರಲ್ಲ. ಅಣ್ಣ ಸೈಕಲ್ ಬಿಟ್ಟ, ಅದು ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ. ಕೆಳಗಿಳಿದು ಹೋಗಿ, ಬಗ್ಗಿ, ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಉಗಿದ. ಹಿಂದಿರುಗಿ ಬಂದು ನನ್ನ ಪಕ್ಕ ನಿಂತ. ಎಷ್ಟೋ ಹೊತ್ತು ಯಾವ ಅಭಿಪ್ರಾಯವೂ ಬರಲಿಲ್ಲ. ಕೊನೆಗೆ, ನಮ್ಮೂರ ಕೆರೆ ಮೂರು ವರ್ಷಕ್ಕೊಮ್ಮೆ ತುಂಬಿದರೆ ಕುರಿ ಕಡಿಯುತ್ತೇವಲ್ಲ ಎಂದ.

ಫ್ರೆಂಚ್ ಅಧಿಕಾರಿಗಳ ಸಹಿಗಾಗಿ ಆವತ್ತು ಮೂರು ಕಚೇರಿ ಸುತ್ತಿದೆವು. ಮೂರು ಕಡೆಯೂ ಬಾಗಿಲ ಜವಾನನನ್ನು ದಾಟಲಾಗಲಿಲ್ಲ. ಸರ್ಕಾರ ಯಾವುದಾದರೂ ಜವಾನ ಒಬ್ಬನೇ ಎಂಬುದು ನಾವು ಪರದೇಶದಲ್ಲಿ ಕಲಿತ ಮೊದಲ ಪಾಠ. ಸಂಜೆ ಸಮುದ್ರದ ದಂಡೆಯ ಗೋಡೆಯ ಮೇಲೆ ಕುಳಿತು ಉಳಿದ ಹುರಿಹಿಟ್ಟು ಕಲಸುತ್ತಿದ್ದಾಗ, ಹಳೆಯ ಸೈನ್ಯದ ಕೋಟು ತೊಟ್ಟ ಒಬ್ಬ ಮುದುಕ ಕೋಲೂರಿಕೊಂಡು ಬಂದು ನಮ್ಮ ಹಲಗೆ ಓದಿದ. ಎಲ್ಲಿಂದ ಎಂದು ಕೇಳಿದ. ಹೇಳಿದೆವು. ಎಲ್ಲೆಲ್ಲಿ ಸುತ್ತಿದಿರಿ ಎಂದ. ಇದೇ ಮೊದಲನೆಯದು ಎಂದೆವು. ನಗುತ್ತಾನೆಂದುಕೊಂಡೆ, ನಗಲಿಲ್ಲ. ಆ ಹಿಟ್ಟು ಏನು, ಸ್ವಲ್ಪ ಕೊಡಿ ಎಂದು ಕೈಯೊಡ್ಡಿದ. ರಾಗಿಯ ಹುರಿಹಿಟ್ಟನ್ನು ಅವನು ತಿಂದದ್ದು ಅದೇ ಮೊದಲು. ತಿಂದು, ಮನೆಗೆ ಬನ್ನಿ ಎಂದ.

ಮುದುಕ ಫ್ರೆಂಚ್ ಸೈನ್ಯದಲ್ಲಿದ್ದ ತಮಿಳ. ಪಿಂಚಣಿ ಅವನಿಗೆ ಫ್ರಾನ್ಸಿನಿಂದ ಬರುತ್ತಿತ್ತು. ಪಟ್ಟಣವನ್ನು ಎರಡು ಮಾಡುವ ಕಾಲುವೆಯ ಈಚೆಗೆ, ನಮ್ಮ ಜನ ವಾಸಿಸುವ ಭಾಗದಲ್ಲಿ, ಹೆಂಚಿನ ಸಣ್ಣ ಮನೆ. ಬಾಗಿಲು ತೆರೆದವಳು ಅವನ ಹೆಂಡತಿ. ಪುಟ್ಟ ಆಳು, ಚಪ್ಪಟೆ ಮುಖ, ಕಿರಿದಾದ ಕಣ್ಣು, ನಮ್ಮ ಕಡೆಯ ಹೆಂಗಸರ ಹಾಗೆಯೇ ಸೀರೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಫ್ರೆಂಚರ ವಶದಲ್ಲಿದ್ದ ಸೈಗಾನಿನಲ್ಲಿ ಪಹರೆಗಿದ್ದಾಗ ಮದುವೆಯಾಗಿ ಕರೆದುಕೊಂಡು ಬಂದವಳು ಎಂದ. ಆಕೆ ನಮ್ಮನ್ನು ಒಂದು ಮಾತೂ ಕೇಳದೆ ಅನ್ನಕ್ಕೆ ಇನ್ನಷ್ಟು ಅಕ್ಕಿ ಹಾಕಿದಳು. ಊಟಕ್ಕೆ ಮೀನು. ನಾವು ಕೋಳಿ, ಕುರಿ ತಿನ್ನುವ ಜನವೇ. ಆದರೆ ತಲೆ, ಕಣ್ಣು ಸಮೇತ ತಟ್ಟೆಯಲ್ಲಿ ಮಲಗಿದ ಮೀನು ನಮ್ಮನ್ನೇ ನೋಡುತ್ತಿತ್ತು. ಆಕೆ ಎರಡು ಕಡ್ಡಿಗಳಲ್ಲಿ ಅದರ ಮುಳ್ಳು ಬಿಡಿಸಿ, ಬಿಳಿಯ ಭಾಗವನ್ನು ಮಾತ್ರ ನಮ್ಮ ಅನ್ನದ ಮೇಲಿಟ್ಟಳು. ಅಣ್ಣ ಕಣ್ಣು ಮುಚ್ಚಿ ನುಂಗಿದ. ಎರಡನೆಯ ತುತ್ತಿಗೆ ಕಣ್ಣು ತೆರೆದ. ಆಮೇಲೆ ತಲೆಯನ್ನೂ ಬಿಡಲಿಲ್ಲ.

ಅಲ್ಲಿ ಎರಡು ದಿನ ಇದ್ದೆವು. ಅಣ್ಣ ಅವರ ಮನೆಯ ಹಳೆಯ ಸೈಕಲ್ಲನ್ನು ಬಿಚ್ಚಿ ಜೋಡಿಸಿಕೊಟ್ಟ. ಮುದುಕನಿಗೆ ಕೃಷ್ಣಗಿರಿಯ ಬೆಟ್ಟ, ಮಾವಿನ ತೋಪು, ನಮ್ಮೂರ ಚಳಿ, ಮೂರು ಭಾಷೆಯಲ್ಲಿ ಜಗಳವಾಡುವ ನಮ್ಮ ಸಂತೆ, ಎಲ್ಲ ಬೇಕಾಗಿತ್ತು. ಹೇಳಿದಷ್ಟೂ ಕೇಳುತ್ತಿದ್ದ. ಫ್ರಾನ್ಸ್ ಕಂಡವನಿಗೆ ಕೆಲಮಂಗಲದಲ್ಲೇನಿದೆ ಎಂದು ನನಗೆ ಸಂಕೋಚವಾಗುತ್ತಿತ್ತು.

ಎರಡನೆಯ ಸಂಜೆ ಅಣ್ಣ ತನ್ನ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದ. ಇಲ್ಲಿಂದ ಹಡಗು ಹೋಗುತ್ತದಲ್ಲ, ದುಡ್ಡು ಕೊಡದೆ ನಿಜವಾದ ಫ್ರಾನ್ಸಿಗೆ ಹೋಗುವುದು ಹೇಗೆ ಎಂದು ಕೇಳುವಂತೆ ನನಗೆ ಹೇಳಿದ. ಕೇಳಿದೆ. ಮುದುಕ ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡ.

“ನನ್ನನ್ನು ಬಿಟ್ಟಿ ಕರೆದುಕೊಂಡು ಹೋದರು,” ಎಂದ. “ಊಟ, ಬಟ್ಟೆ, ಬೂಟು ಎಲ್ಲ ಅವರದೇ. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ. ಸಾಯಲು ಒಪ್ಪಿಕೊಂಡರೆ ಬಡವನಿಗೆ ಯಾವ ದೇಶವೂ ದೂರವಲ್ಲ.”

ಆಮೇಲೆ ತಾನು ನೋಡಿದ ಫ್ರಾನ್ಸನ್ನು ಹೇಳಿದ. ಬಂದರಿನಲ್ಲಿ ಎರಡು ತಿಂಗಳು ಆಲೂಗಡ್ಡೆ ಸುಲಿದದ್ದು, ಆಮೇಲೆ ಯುದ್ಧದ ಕಂದಕಗಳ ಕೆಸರು. ದೊಡ್ಡ ಊರು, ಅರಮನೆ, ಗೋಪುರ ಯಾವುದನ್ನೂ ನೋಡಲಿಲ್ಲ. ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು ಬಿಸಿ ಈರುಳ್ಳಿ ಸಾರು ಕೊಟ್ಟಿದ್ದಳು. ಆ ಹಳ್ಳಿಯ ಹೆಸರು ಮರೆತಿದೆ, ಸಾರು ಮರೆತಿಲ್ಲ ಎಂದ. ಜೊತೆಗೆ ಹೋದವರಲ್ಲಿ ಎಷ್ಟು ಜನ ಬಂದರು ಎಂದು ನಾನು ಕೇಳಬೇಕೆಂದಿದ್ದೆ. ಅವನ ಹೆಂಡತಿ ಬಂದು ಅವನ ಭುಜದ ಮೇಲೆ ಶಾಲು ಹೊದಿಸಿದಳು, ನಾನು ಕೇಳಲಿಲ್ಲ.

ಹೊರಡುವ ದಿನ ಪುಸ್ತಕದಲ್ಲಿ ಅರ್ಧ ಪುಟ ಫ್ರೆಂಚಿನಲ್ಲಿ ಬರೆದುಕೊಟ್ಟ. ಏನು ಬರೆದಿರಿ ಎಂದಾಗ ತಮಿಳಿನಲ್ಲಿ ಓದಿದ: ಈ ಇಬ್ಬರು ಸೈಕಲ್ಲಿನಲ್ಲಿ ಬಂದರು. ಹಸಿದಿದ್ದರು. ನಮ್ಮ ಮನೆಯಲ್ಲಿ ಉಂಡರು. ಮೊದಲು ಮೀನಿಗೆ ಹೆದರಿದರು. ದೊಡ್ಡವನು ಸೈಕಲ್ ಚೆನ್ನಾಗಿ ರಿಪೇರಿ ಮಾಡುತ್ತಾನೆ. ಚಿಕ್ಕವನು ಕೇಳಬೇಕಾದಾಗ ಸುಮ್ಮನಿರುತ್ತಾನೆ. ಇಬ್ಬರೂ ಕೆಟ್ಟವರಲ್ಲ.

ರಿಪೇರಿಗೆಂದು ಅವನು ಅಣ್ಣನ ಕೈಗೆ ಒಂದು ಬ್ರಾಂದಿ ಸೀಸೆ ಇಡಲು ಬಂದ. ಕೃಷ್ಣಗಿರಿಯ ಮೂವರು ಗಣ್ಯರೂ ನನ್ನ ಕಣ್ಣ ಮುಂದೆ ಬಂದರು. ಅಣ್ಣ ಕೈ ಹಿಂದಕ್ಕೆ ತೆಗೆದ. ಹೊರಗೆ ಬಂದ ಮೇಲೆ, ಒಂದಾದರೂ ಒಯ್ಯಬಹುದಿತ್ತಲ್ಲ, ಅವರಿಗೆಲ್ಲ ತಲೆಯಾಡಿಸಿದ್ದೆಯಲ್ಲ ಎಂದೆ.

“ನಮ್ಮಪ್ಪ ಎರಡು ಹೊಲ ಕುಡ್ದ,” ಎಂದ. “ಕೆರೆ ಕೆಳಗಿನ್ದು ಒಂದು, ಬಾವಿ ಪಕ್ಕದ್ದು ಒಂದು. ನಾನು ಸೀಸೆ ಹೊರಾಕಿಲ್ಲ ಕಣ್ಲಾ.”

ದೊಡ್ಡಪ್ಪ ಕುಡಿಯುತ್ತಿದ್ದುದು ನನಗೆ ಗೊತ್ತಿತ್ತು. ಆ ಹೊಲಗಳು ಅವರದಾಗಿದ್ದವೆಂಬುದು ಗೊತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಅಣ್ಣನಿಗೆ ಅಭಿಪ್ರಾಯವಿರಲಿಲ್ಲ, ಅನುಭವವಿತ್ತು.

ಬೊಂಬಿನ ಈಚೆ ನಮ್ಮ ಸುಂಕದವರು ತಡೆದರು. ಬಾಯಿ ಮೂಸಿದರು. ಗಂಟು ಬಿಚ್ಚಿಸಿದರು. ಏನೂ ಸಿಗದಿದ್ದಾಗ ಅವರಿಗೆ ನಿಜವಾದ ಅನುಮಾನ ಶುರುವಾಯಿತು. ಅಲ್ಲಿಂದ ಬರಿಗೈಯಲ್ಲಿ, ಬರಿಬಾಯಲ್ಲಿ ಬಂದವರನ್ನು ಅವರು ಕಂಡಿರಲೇ ಇಲ್ಲ. ಮತ್ತೆ ಯಾಕೆ ಹೋಗಿದ್ದಿರಿ ಎಂದು ಅಧಿಕಾರಿ ಕೇಳಿದ. ನೋಡಲು ಎಂದೆ. ಅವನು ಸಿಬ್ಬಂದಿಯ ಕಡೆ ತಿರುಗಿ, ಟಯರು ಬಿಚ್ಚಿ ಎಂದ. ನನ್ನ ಹಿಂದಿನ ಚಕ್ರದೊಳಗಿನ ತೇಪೆ ಕಂಡಾಗ ಅವರ ಮುಖ ಅರಳಿತು. ಅದನ್ನೂ ಸೀಳಿ ನೋಡಿದರು, ಅದರೊಳಗೆ ರಬ್ಬರೇ ಇತ್ತು. ಮಧ್ಯಾಹ್ನದವರೆಗೆ ಕೂರಿಸಿ ಬಿಟ್ಟರು. ಬಿಡುವಾಗ ಅಣ್ಣ ಪುಸ್ತಕ ಮುಂದಿಟ್ಟು ಇವರೂ ಒಂದು ಸಹಿ ಹಾಕಲಿ ಎಂದ. ಆ ಅಧಿಕಾರಿ, ಏನು ತೋಚಿತೋ, ‘ಪರೀಕ್ಷಿಸಲಾಗಿದೆ, ಏನೂ ಇಲ್ಲ’ ಎಂದು ಬರೆದು ಮೊಹರನ್ನೂ ಒತ್ತಿದ. ನಮ್ಮ ವಿಶ್ವ ಪರ್ಯಟನೆಗೆ ದೊರೆತ ಸರ್ಕಾರಿ ಮೊಹರು ಅದೊಂದೇ.

ಕೃಷ್ಣಗಿರಿಯಲ್ಲಿ ನಮ್ಮನ್ನು ಎದುರುಗೊಳ್ಳಲು ಅಷ್ಟೂ ಜನ ಬಂದಿದ್ದರು. ಅಧ್ಯಕ್ಷರು ಹಾರ ಹಾಕುತ್ತಲೇ ಗಂಟಿನ ಕಡೆ ನೋಡಿದರು. ಸಭೆಗೆ ಮುಂಚೆ ಹಿತ್ತಲಿಗೆ ಕರೆದರು. ಔಷಧಿ ತರಲಿಲ್ಲವೆಂದು ಅಣ್ಣ ಹೇಳಿದ. ಒಳಗೆ ಬಂದ ಅಧ್ಯಕ್ಷರ ಭಾಷಣ ನಾಲ್ಕೇ ಮಾತಿಗೆ ಮುಗಿಯಿತು. ನಮ್ಮ ದೇಶದಲ್ಲೇ ನೋಡುವಂಥದ್ದು ಬೇಕಾದಷ್ಟಿರುವಾಗ ಯುವಕರು ಹೊರದೇಶದ ಮೋಹಕ್ಕೆ ಬೀಳಬಾರದೆಂಬುದು ಅದರ ಸಾರಾಂಶ. ವೈದ್ಯರು ಎದ್ದೇ ಹೋದರು.

ಕಾರ್ಯದರ್ಶಿಗೆ ಮಾತ್ರ ಹೇಗಾದರೂ ಸಭೆಯನ್ನು ಉಳಿಸಬೇಕಾಗಿತ್ತು. ಪುಸ್ತಕ ತೆಗೆದುಕೊಂಡು ಮುದುಕ ಬರೆದ ಪುಟವನ್ನು ತೆರೆದರು. ಅವರಿಗೆ ಫ್ರೆಂಚಿನ ಒಂದಕ್ಷರವೂ ಬಾರದು. ಒಂದು ನಿಮಿಷ ಗಂಭೀರವಾಗಿ ಕಣ್ಣಾಡಿಸಿ, ತೆಲುಗಿನಲ್ಲಿ ಅನುವಾದಿಸತೊಡಗಿದರು. ಈ ವೀರ ಯುವಕರ ಧೈರ್ಯಕ್ಕೆ ಫ್ರೆಂಚ್ ಸರ್ಕಾರವು ಬೆರಗಾಗಿದೆಯೆಂದೂ, ಉಭಯ ದೇಶಗಳ ಮೈತ್ರಿ ಇವರಿಂದ ಬೆಳೆಯಿತೆಂದೂ, ಕೃಷ್ಣಗಿರಿಯ ವಾಚನಾಲಯದ ಕೀರ್ತಿ ಪ್ಯಾರಿಸ್ ಮುಟ್ಟಿದೆಯೆಂದೂ ಓದಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅಣ್ಣನ ಕಡೆ ನೋಡಿದೆ. ಎಂದೂ ಸಂಕೋಚಪಡದ ಆ ಮನುಷ್ಯ ತಲೆತಗ್ಗಿಸಿ, ಕೊರಳಿನ ಹಾರದ ಒಂದೊಂದೇ ಹೂವನ್ನು ಕೀಳುತ್ತಿದ್ದ. ನನ್ನ ಹತ್ತಿರ ಬಗ್ಗಿ, ಆ ಮುದುಕ ಬರೆದಿದ್ದೇ ಚೆನ್ನಾಗಿತ್ತು ಎಂದ. ಎರಡನೆಯ ಹಂತದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಅಣ್ಣ ಮಾರನೆಯ ದಿನವೇ ಅಂಗಡಿ ತೆರೆದ. ನಾನು ಆ ಮಳೆಗಾಲ ಬರುವ ಹೊತ್ತಿಗೆ ನೇಗಿಲು ಹಿಡಿದಿದ್ದೆ. ಅಪ್ಪನ ಕೆಮ್ಮು ತಾನಾಗಿಯೇ ವಾಸಿಯಾಯಿತು.

ಮನೆಗೆ ಬಂದ ದಿನ ಅಮ್ಮ ಫ್ರಾನ್ಸನ್ನು ಕುರಿತು ಏನೂ ಕೇಳಲಿಲ್ಲ. ಮುದ್ದೆ ಇಟ್ಟು, ಹುರಳಿ ಸಾರು ಬಿಟ್ಟು, ಯಾರ ಮನೆಯಲ್ಲಿ ಉಂಡೆ ಎಂದಳು. ಸೈಗಾನಿನ ಹೆಂಗಸಿನ ವಿಷಯ ಹೇಳಿದೆ. ಕಡ್ಡಿಯಲ್ಲಿ ಮುಳ್ಳು ಬಿಡಿಸಿಕೊಟ್ಟದ್ದು, ನಮ್ಮವರ ಹಾಗೆ ಸೀರೆ ಉಟ್ಟದ್ದು ಎಲ್ಲ. ಅಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದಿದ್ದಳು.

“ಆವಮ್ಮ ಮತ್ತೆ ತವರಿಗೆ ಹೋಗಿದ್ಳಂತಾ?”

ಇಲ್ಲ, ಮೂವತ್ತು ವರ್ಷವಾಯಿತಂತೆ, ಹಡಗಿನಲ್ಲಿ ವಾರಗಟ್ಟಲೆ ಹೋಗಬೇಕು ಎಂದೆ. ದೂರವಾಯಿತು ಬಿಡು ಎಂದು ಅಮ್ಮ ಒಲೆಯ ಕಡೆ ತಿರುಗಿದಳು. ಉರಿ ಮುಂದಕ್ಕೆ ತಳ್ಳಿದಳು, ಹಿಂದಕ್ಕೆ ಎಳೆದಳು. ಆಮೇಲೆ ನನ್ನ ಕಡೆ ನೋಡದೆಯೇ ಕೇಳಿದಳು:

“ಗುಮ್ಮಳಾಪುರಕ್ಕೆ ಸೈಕಲ್ನಾಗೆ ಎಷ್ಟೊತ್ತು ಹಿಡಿತದ್ಲಾ?”

ಗುಮ್ಮಳಾಪುರ ಅಮ್ಮನ ತವರು. ಅಜ್ಜಿ ತೀರಿಕೊಂಡಾಗ ಹೋದದ್ದು, ಏಳು ವರ್ಷವಾಗಿತ್ತು. ಕಳೆ, ಕಟಾವು, ಕರು, ನಮ್ಮ ಊಟ, ಒಂದಲ್ಲ ಒಂದು ಅಡ್ಡ ಬರುತ್ತಿತ್ತು. ಯಾರೂ ಬೇಡ ಎಂದಿರಲಿಲ್ಲ. ಹೋಗು ಎಂದೂ ಅಂದಿರಲಿಲ್ಲ. ಪ್ರಪಂಚ ಸುತ್ತಲು ಮೂರು ತಿಂಗಳು ತಯಾರಿ ನಡೆಸಿದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಣ್ಣ ತನ್ನ ಅಂಗಡಿಯ ಒಳ್ಳೆಯ ಸೈಕಲ್ ತಂದು, ಕ್ಯಾರಿಯರ್ ಮೇಲೆ ಗೋಣಿಚೀಲ ಮಡಿಸಿ ಕಟ್ಟಿಕೊಟ್ಟ. ಅಮ್ಮ ಒಂದು ಪಕ್ಕಕ್ಕೆ ಕುಳಿತಳು. ನನ್ನನ್ನು ಹಿಡಿದುಕೊಳ್ಳಲು ಒಪ್ಪದೆ ಸೀಟಿನ ಕೆಳಗಿನ ಕಂಬಿ ಹಿಡಿದಳು. ತಳಿ ಎಂಬ ಊರು ದಾಟುವವರೆಗೆ ನಾನು ಓಡಿಸುವ ರೀತಿಯನ್ನು ಬೈದಳು. ಬಿಸಿಲೇರುವ ಹೊತ್ತಿಗೆ ಗುಮ್ಮಳಾಪುರದಲ್ಲಿದ್ದೆವು. ಸೋದರಮಾವನ ಹೆಂಡತಿ ಬಾಗಿಲಿಗೆ ನೀರು ತಂದಿಟ್ಟು ಒಳಗೆ ಕರೆದಳು. ಅಮ್ಮ ಕಾಲು ತೊಳೆದುಕೊಂಡಳು, ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ಸುತ್ತ ನೋಡಿ, ಕೊಟ್ಟಿಗೆ ಈ ಕಡೆಗೆ ಯಾವಾಗ ಬಂತು ಎಂದು ಕೇಳಿದಳು.